ಚಿಕ್ಕನಿಂಗಮ್ಮ ಕೊಡಿಸಿದ ತಂತಿ

ಕೊಳ್ಳೇಗಾಲದ ಸೀಮೆ ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿ ಒಂದು ತಿಂಗಳಾಗಿತ್ತು. ಶಾಗ್ಯದ ಕೆಂಚಯ್ಯನ ಹೊಲದಲ್ಲಿ ರಾಗಿ ಕುಯ್ಲು ನಡೆದಿತ್ತು. ಅವನ ಹೆಂಡತಿ ಚಿಕ್ಕನಿಂಗಮ್ಮ ಬಗ್ಗಿ ಹೊರೆ ಕಟ್ಟುತ್ತಿದ್ದಳು. ಬದುವಿನಾಚೆಯಿಂದ ಮಗಳ ಚೀರಾಟ ಕೇಳಿಸಿತು. ಓಡಿಹೋಗಿ ನೋಡಿದರೆ ಏಳು ವರ್ಷದ ದೇವೀರಿಯ ಮೀನಖಂಡವನ್ನು ಒಂದು ನಾಯಿ ಕಚ್ಚಿ ಹಿಡಿದಿತ್ತು. ಮೈದುನ ಪುಟ್ಟಮಾದಪ್ಪ ಬರಿಗೈಯಲ್ಲೇ ಅದರ ದವಡೆ ಬಿಡಿಸಿ ಎತ್ತಿ ಎಸೆದ. ನಾಯಿ ಒಂದು ಸಲವೂ ಬೊಗಳಲಿಲ್ಲ. ಜೊಲ್ಲು ಸುರಿಸುತ್ತಾ ತೂರಾಡಿಕೊಂಡು ಹೋಗಿ, ಹುಣಸೆ ಮರಕ್ಕೆ ಕಟ್ಟಿದ್ದ ಕರುವಿನ ಮೂತಿಗೆ ಬಾಯಿ ಹಾಕಿ, ಕುರುಚಲಿನಲ್ಲಿ ಮರೆಯಾಯಿತು.

ಆ ಜೊಲ್ಲು ನೋಡಿದ್ದೇ ಅದು ಹುಚ್ಚುನಾಯಿ ಎಂದು ಚಿಕ್ಕನಿಂಗಮ್ಮನಿಗೆ ತಿಳಿಯಿತು. ಅವಳ ತವರು ಸತ್ತೇಗಾಲ. ಅಲ್ಲಿ ಅವಳ ಅಣ್ಣನಿಗೂ ಹೀಗೇ ಕಚ್ಚಿತ್ತು. ನಾಟಿ ಮದ್ದು ಕೊಡಿಸಿ ಎಲ್ಲರೂ ಮರೆತಿದ್ದರು. ಎರಡು ತಿಂಗಳ ಮೇಲೆ ಒಂದು ಬೆಳಿಗ್ಗೆ, ನೀರಿನ ಚೆಂಬು ಕಂಡು ಅವನು ಗೋಡೆಗೆ ಒತ್ತಿಕೊಂಡು ನಡುಗಿದ್ದನ್ನು ಹತ್ತು ವರ್ಷದ ಅವಳು ಬಾಗಿಲಲ್ಲಿ ನಿಂತು ನೋಡಿದ್ದಳು. ಮೂರನೆಯ ದಿನ ಅವನು ಸತ್ತ.

ಅತ್ತೆ ರಾಚಮ್ಮ ಆಗಲೇ ಪಕ್ಕದೂರಿನ ಮದ್ದಿನವನಿಗೆ ಹೇಳಿ ಕಳಿಸಿದ್ದಳು. ಅವನು ಸೊಪ್ಪು ಅರೆದು ಕುಡಿಸಿ, "ನಲವತ್ತು ದಿನ ಹೊಳೆ ದಾಟ್ಸಬ್ಯಾಡಿ. ದಾಟ್ಸುದ್ರೆ ಮದ್ದು ಕೆಟ್ಟೋಯ್ತದೆ" ಎಂದು ಹೇಳಿ ಹೋದ.

"ನಾ ಮೊಗೀನ ಆಸ್ಪತ್ರೆಗೆ ಕರ್ಕಂಡೋಯ್ತೀನಿ" ಎಂದಳು ಚಿಕ್ಕನಿಂಗಮ್ಮ.

"ಯಾವ ಆಸ್ಪತ್ರೆಗಮ್ಮಿ? ನಿಂಗೇನ್ ಗೊತ್ತು?" ಕೆಂಚಯ್ಯ ರೇಗಿದ.

ಅವಳಿಗೆ ಗೊತ್ತಿರಲಿಲ್ಲ. ಆದರೂ ಮರುದಿನ ಬೆಳಕು ಹರಿಯುವ ಮುಂಚೆ ದೇವೀರಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಹನೂರಿನ ದಾರಿ ಹಿಡಿದಳು. ಅಲ್ಲಿ ಬಸ್ಸು ಹತ್ತಿ ಕೊಳ್ಳೇಗಾಲದಲ್ಲಿ ಇಳಿದು, ಕಂಡಕ್ಟರು ತೋರಿಸಿದ ಡಾಕ್ಟರ ಮನೆಗೆ ಹೋದಳು. ಸದಾಶಿವಪ್ಪ ಎಂಬ ಆ ವಯಸ್ಸಾದ ಡಾಕ್ಟರು ಗಾಯವನ್ನು ಸೋಪು ಹಾಕಿ ತೊಳೆದೂ ತೊಳೆದೂ ಕಡೆಗೆ ತಲೆಯೆತ್ತಿದರು.

"ಇದಕ್ಕೆ ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಬೇಕು ತಾಯಿ. ಆ ಔಷಧಿ ನನ್ನ ಹತ್ತಿರ ಇಲ್ಲ. ಹೋದ ವರ್ಷ ಆಗಿದ್ರೆ ಕೊಯಮತ್ತೂರಿಗೆ ಚೀಟಿ ಬರೀತಿದ್ದೆ. ಈಗ ನಮ್ಮ ದೊಡ್ಡಾಸ್ಪತ್ರೆ ಮೈಸೂರು. ಇವತ್ತೇ ಹೊರಡು."

"ಮೈಸೂರಲ್ಲಿ ಯಾರ್ನ ಕೇಳ್ಬೇಕು ಸಾ?"

"ಬಸ್ ಸ್ಟ್ಯಾಂಡಲ್ಲಿ ದೊಡ್ಡಾಸ್ಪತ್ರೆ ಅನ್ನು. ಒಳಗೆ ಹೋದ ಮೇಲೆ ಈ ಚೀಟಿ ತೋರಿಸು."

ನರಸೀಪುರದ ಸೇತುವೆಯ ಮೇಲೆ ಬಸ್ಸು ಸಾಗುವಾಗ ಕೆಳಗೆ ಹೊಳೆ ಕಂಡಿತು. ಚಿಕ್ಕನಿಂಗಮ್ಮನಿಗೆ ಮದ್ದಿನವನ ಮಾತು ನೆನಪಾಯಿತು. ಮಗಳ ಮುಖವನ್ನು ಸೆರಗಿನಲ್ಲಿ ಮುಚ್ಚಿದಳು. ತಾನೇ ಕೈಯಾರೆ ಮಗುವನ್ನು ಕೊಲ್ಲುತ್ತಿದ್ದೇನೋ ಏನೋ. ಸೇತುವೆ ಮುಗಿಯುವವರೆಗೆ ಸೆರಗು ತೆಗೆಯಲಿಲ್ಲ.

ದೊಡ್ಡಾಸ್ಪತ್ರೆಯಲ್ಲಿ ಮೊದಲ ಸೂಜಿಗೆ ಮಗು ಇಡೀ ವಾರ್ಡು ಕೇಳುವ ಹಾಗೆ ಕಿರುಚಿತು. ಮೂರನೆಯ ದಿನ ನರ್ಸಮ್ಮ ಸೂಜಿ ಹಾಕುತ್ತಾ, "ಆ ನಾಯಿ ಬೇರೆ ಯಾರಿಗಾದ್ರೂ ಕಚ್ಚಿತಾ?" ಎಂದು ಕೇಳಿದಳು.

"ಕಚ್ಚಿಲ್ಲ ಕಣವ್ವ. ನಮ್ ಮೈದ್ನನ ಕೈಗೆ ಒಸಿ ಹಲ್ಲು ತಾಗಿ ಗೀರಿತ್ತು, ಅಷ್ಟೆಯ."

ನರ್ಸಮ್ಮನ ಕೈ ನಿಂತಿತು. "ಗೀರಿದ್ರೂ ಅಷ್ಟೇ. ಅವರನ್ನ ಬೇಗ ಕರೆಸು."

 ಪುಟ್ಟಮಾದಪ್ಪ ಎಂಥವನೆಂದು ಚಿಕ್ಕನಿಂಗಮ್ಮನಿಗೆ ಗೊತ್ತು. ಕುಡುಗೋಲು ಕಾಲು ಸೀಳಿದರೂ ಮಣ್ಣು ಮೆತ್ತಿಕೊಂಡು ಕುಯ್ಲಿಗೆ ಬಗ್ಗುವ ಗಂಡಸು. ಗೀರಿಗೆ ಸೂಜಿ ಹಾಕಿಸಿಕೋ ಬಾ ಎಂದರೆ ನಕ್ಕು ಸುಮ್ಮನಾಗುತ್ತಾನೆ. ಆದರೆ ದೇವೀರಿ ಎಂದರೆ ಅವನಿಗೆ ಪ್ರಾಣ.

ಮಗಳನ್ನು ಪಕ್ಕದ ಹಾಸಿಗೆಯವರ ವಶಕ್ಕೆ ಬಿಟ್ಟು ಪೋಸ್ಟಾಫೀಸು ಕೇಳಿಕೊಂಡು ಓಡಿದಳು. "ಶಾಗ್ಯಕ್ಕೆ ತಂತಿ ಕೊಡ್ಬೇಕು ಸಾ."

"ಏನಂತ ಬರೀಲಿ?" ಗುಮಾಸ್ತ ಕೇಳಿದ.

ಬಾಯಿಗೆ ಬಂದದ್ದನ್ನು ನುಂಗಿಕೊಂಡು ನಿಂತಳು. ಹಿಂದಿನವರು ಗೊಣಗಿದರು.

"ದೇವೀರಿ ಉಳಿಯಂಗಿಲ್ಲ. ಪುಟ್ಟಮಾದಪ್ಪ ತಕ್ಷಣ ಬಾ. ಇಷ್ಟೇ ಬರೀರಿ ಸಾ."

ಆಚೆ ಬಂದವಳೇ ಗೋಡೆಗೆ ಹಣೆಯೊತ್ತಿ ಅತ್ತಳು. ಬದುಕಿರುವ ಮಗುವಿನ ಸಾವನ್ನು ತಾನೇ ಬಾಯಲ್ಲಿ ಆಡಿದ್ದಳು. ಆಡಿದ್ದು ನಿಜವಾದರೆ? ರಾತ್ರಿಯೆಲ್ಲ ಮಗಳ ಹಣೆ ಮುಟ್ಟಿ ಮುಟ್ಟಿ ನೋಡಿದಳು. ಗುಟುಕು ಗುಟುಕಾಗಿ ನೀರು ಕುಡಿಸಿ, ಅದು ಗಂಟಲಲ್ಲಿ ಇಳಿಯುವುದನ್ನೇ ನೋಡುತ್ತಾ ಕೂತಳು.

ಮರುದಿನ ಯಾರೂ ಬರಲಿಲ್ಲ. ಅದರ ಮರುದಿನವೂ ಮಧ್ಯಾಹ್ನ ಕಳೆಯಿತು. ತಂತಿ ತಲುಪಿತೋ, ಓದುವವರು ಸಿಕ್ಕರೋ, ಒಂದೂ ತಿಳಿಯದು. ಸಂಜೆಯ ಹೊತ್ತಿಗೆ ಅಣ್ಣತಮ್ಮಂದಿರಿಬ್ಬರೂ ವಾರ್ಡಿನ ಬಾಗಿಲಲ್ಲಿ ಕಂಡರು. ಕೆಂಚಯ್ಯನ ಮುಖ ಬೂದಿಯಾಗಿತ್ತು. ಪುಟ್ಟಮಾದಪ್ಪ ದಾರಿಯುದ್ದಕ್ಕೂ ಅತ್ತು ಕಣ್ಣು ಊದಿಸಿಕೊಂಡಿದ್ದ. ದೇವೀರಿ ಹಾಸಿಗೆಯ ಮೇಲೆ ಕೂತು ಬನ್ನು ತಿನ್ನುತ್ತಿದ್ದವಳು, "ಚಿಕ್ಕಪ್ಪಾ!" ಎಂದಳು.

ಕೆಂಚಯ್ಯನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಕೈಯೆತ್ತಿಕೊಂಡು ಮುಂದೆ ಬಂದ. "ನಮ್ಮವ್ವ ಮನೇಲಿ ಎದೆ ಎದೆ ಬಡ್ಕತಾ ಕುಂತವ್ಳೆ! ಬದ್ಕಿರೋ ಮೊಗೀಗೆ ಸಾವು ಬರ್ಸಿದ್ಯಲ್ಲೇ!"

"ವಡೀರಿ. ಅದ್ಕೂ ಮುಂಚೆ ನಿಮ್ ತಮ್ಮಂಗೆ ಸೂಜಿ ಹಾಕ್ಸಿ" ಎಂದಳು ಅವಳು, ಕದಲದೆ. "ಮಾದಪ್ಪ, ಆ ಗೀರಿನಿಂದ್ಲೂ ಹುಚ್ಚು ಬತ್ತದಂತೆ ಕಣಪ್ಪ. ನಿಜ ಹೇಳಿದ್ರೆ ನೀ ಬತ್ತಿದ್ಯಾ?"

ಪುಟ್ಟಮಾದಪ್ಪ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಗೀರು ಒಣಗಿ ಎಳೆಯಷ್ಟಾಗಿತ್ತು. "ಬತ್ತಿರ್ನಿಲ್ಲ ಅತ್ಗೆ" ಎಂದ ಮೆಲ್ಲಗೆ.

ನರ್ಸಮ್ಮನ ಹಿಂದೆ ಹೋದ. ಇಬ್ಬರಿಗೂ ಹದಿನಾಲ್ಕು ಸೂಜಿ ಮುಗಿಯುವವರೆಗೆ ಚಿಕ್ಕನಿಂಗಮ್ಮ ಮೈಸೂರಿನಲ್ಲೇ ಉಳಿದಳು. ಕರು ಒಂದು ತಿಂಗಳ ಮೇಲೆ ನೊರೆ ಕಾರಿ ಸತ್ತಿತು. ಆಮೇಲೂ ಯುಗಾದಿ ಕಳೆಯುವ ತನಕ ದೇವೀರಿಯೋ ಪುಟ್ಟಮಾದಪ್ಪನೋ ಚೆಂಬೆತ್ತಿದಾಗಲೆಲ್ಲ ಅವಳು ಮಾಡುತ್ತಿದ್ದ ಕೆಲಸ ನಿಲ್ಲಿಸಿ ನೋಡುತ್ತಿದ್ದಳು. ಇಬ್ಬರೂ ಉಳಿದರು. ಕೆಂಚಯ್ಯ ಮಾತ್ರ ಆ ಸುಳ್ಳನ್ನು ಬಹಳ ದಿನ ಕ್ಷಮಿಸಲಿಲ್ಲ. ಕರು ಸತ್ತ ಮೇಲೂ ಅವಳ ಕೂಡ ಮಾತು ಎರಡೋ ಮೂರೋ ಅಷ್ಟೇ.

ಎಪ್ಪತ್ತರ ದಶಕದ ಹೊತ್ತಿಗೆ ಸುತ್ತಲಿನ ಊರುಗಳವರಿಗೆ ಅವಳ ಮನೆ ಗೊತ್ತಾಗಿಹೋಗಿತ್ತು. ಹೆರಿಗೆ ಕಷ್ಟವಾದರೆ ಎಲ್ಲಿಗೆ, ಹಾವು ಕಚ್ಚಿದರೆ ಎಲ್ಲಿಗೆ, ಯಾವ ಬಸ್ಸು ತಪ್ಪಿದರೆ ಯಾವ ಲಾರಿ, ಆಸ್ಪತ್ರೆಯಲ್ಲಿ ಮೊದಲು ಯಾವ ಕಿಟಕಿ ಎಂದು ಅಕ್ಷರ ಬಾರದ ಅವಳು ಒಂದನ್ನೂ ಮರೆಯದೆ ಹೇಳುತ್ತಿದ್ದಳು. ಎಲ್ಲರೂ ಕೇಳುತ್ತಿರಲಿಲ್ಲ. ಎದುರುಬೀದಿಯ ಬಸವಣ್ಣನಿಗೆ ನಾಯಿ ಕಚ್ಚಿದಾಗ ಮೂರು ಸಲ ಹೋಗಿ ಕೈಮುಗಿದಿದ್ದಳು. ಅವನು ಹೊರಡಲಿಲ್ಲ, ಎರಡು ತಿಂಗಳಲ್ಲಿ ಸತ್ತ. ಅವನ ಮನೆಯ ಮುಂದೆ ಹಾದುಹೋಗುವಾಗ ಅವಳು ತಲೆ ತಗ್ಗಿಸುತ್ತಿದ್ದಳು.

ಒಂದು ದಿನ ಗೋಪಿನಾಥಂನಿಂದ ಗಂಡಹೆಂಡಿರು ಬಂದರು. ಹೆಂಡತಿಯ ಮುಂಗೈಯಲ್ಲಿ ನಾಯಿ ಕಚ್ಚಿದ ನಾಲ್ಕು ದಿನದ ಗಾಯ. ದಾರಿ ಹೇಳಿಸಿಕೊಂಡ ಗಂಡ ಕಣ್ಣು ಕಣ್ಣು ಬಿಡುತ್ತಾ, "ಮೈಸೂರಾ? ನಾವು ನೋಡಿಲ್ಲಮ್ಮಾ" ಎಂದ. ಚಿಕ್ಕನಿಂಗಮ್ಮ ಒಲೆಯ ಮೇಲಿನ ಹಿಟ್ಟಿನ ಮಡಕೆ ಇಳಿಸಿದಳು. "ಉಂಡ್ಕಳ್ರವ್ವ, ನನ್ ಕಾಯ್ಬ್ಯಾಡಿ" ಎಂದು ಮನೆಯವರಿಗೆ ಕೂಗಿ ಹೇಳಿ, ಸೆರಗು ಬಿಗಿದುಕೊಂಡು ಅವರಿಗಿಂತ ಮುಂದೆ ಹೊರಟಳು.