ನಾಲ್ಕು ಬೋಲ್ಟುಗಳ ಕಟ್ಟೆ

ನಮ್ಮ ರಟ್ಟಿನ ಪೆಟ್ಟಿಗೆ ಕಾರ್ಖಾನೆಯ ನಡುವೆ ಮೊಣಕಾಲೆತ್ತರದ ಸಿಮೆಂಟು ಕಟ್ಟೆಯೊಂದಿದೆ. ರಟ್ಟು ಕತ್ತರಿಸುವ ಹೊಸ ಯಂತ್ರ ಕೂರಿಸಲೆಂದು ಯಜಮಾನರು ಹನ್ನೊಂದು ವರ್ಷದ ಹಿಂದೆ ಅದನ್ನು ಕಟ್ಟಿಸಿ, ಯಂತ್ರ ಬಿಗಿಯಲು ತುದಿ ಮೇಲೆ ಚಾಚಿರುವಂತೆ ನಾಲ್ಕು ಬೋಲ್ಟು ಹೂಳಿಸಿದ್ದರು. ಯಂತ್ರ ಬರಲೇ ಇಲ್ಲ. ನಾವು ಅದರ ಮೇಲೆ ಕೂತು ಊಟ ಮಾಡುತ್ತಿದ್ದೆವು.

ಆರ್ಡರಿಗೇನೂ ಬರವಿರಲಿಲ್ಲ. ಪೆಟ್ಟಿಗೆ ಕೊಂಡ ದೊಡ್ಡ ಕಂಪನಿಗಳು ನಾಲ್ಕು ತಿಂಗಳು ಸತಾಯಿಸಿ ಹಣ ಕೊಡುತ್ತಿದ್ದವು. ಬಂದದ್ದು ಅಂದೇ ರಟ್ಟಿಗೂ ಸಂಬಳಕ್ಕೂ ಹರಿದುಹೋಗುತ್ತಿತ್ತು. ಬ್ಯಾಂಕಿನವರು ಸಾಲಕ್ಕೆ ಆಸ್ತಿ ಅಡವಿಡಿ ಎಂದರು. ಕಾರ್ಖಾನೆಯ ಜಾಗವೂ ಬಾಡಿಗೆಯದೇ; ಬಾಡಿಗೆ ಮನೆಯಲ್ಲಿರುವ ಯಜಮಾನರು ಆಸ್ತಿ ಎಲ್ಲಿಂದ ತರಬೇಕು?

"ಒಂದು ತಿಂಗಳ ಸಂಬಳ ತಡೆಹಿಡಿದು ಯಂತ್ರಕ್ಕೆ ಮುಂಗಡ ಕೊಟ್ಬಿಡಿ," ಎಂದು ನಾನೇ ಒಮ್ಮೆ ಹೇಳಿದೆ.

"ನಿನ್ನ ಮನೇಲಿ ಒಲೆ ಉರೀಬೇಕೋ ಬೇಡ್ವೋ?" ಎಂದರು.

ಆದರೂ ಪ್ರತಿ ಶನಿವಾರ ಬೋಲ್ಟುಗಳಿಗೆ ತುಕ್ಕು ಹಿಡಿಯದಂತೆ ಗ್ರೀಸು ಹಚ್ಚುವುದನ್ನು ಅವರು ತಪ್ಪಿಸಲಿಲ್ಲ.

"ನನ್ನ ಮಂಡಿಗೆ ಇಷ್ಟು ಹಚ್ಚಿದ್ರೆ ನಾನೇ ಓಡ್ತಿದ್ದೆ," ಎಂದು ಅವರ ಹೆಂಡತಿ ಆಡಿಕೊಳ್ಳುತ್ತಿದ್ದರು.

ಕಳೆದ ಮಂಗಳವಾರ ಹಳೆಯ ಯಂತ್ರದ ಹಿಡಿ ತಿರುಗಿಸುತ್ತಲೇ ಯಜಮಾನರು ಕುಸಿದರು. ಆಸ್ಪತ್ರೆಯಿಂದ ಹೆಣವೇ ಬಂತು. ಬಾಡಿಗೆ ಮನೆಯ ಮೆಟ್ಟಿಲು ತೀರ ಕಿರಿದು, ಮೇಲಕ್ಕೆ ಒಯ್ಯಲಾಗಲಿಲ್ಲ. ಬಂದವರು ನೋಡಲೆಂದು ಕಾರ್ಖಾನೆಗೇ ತಂದು ಕಟ್ಟೆಯ ಮೇಲೆ ಮಲಗಿಸಲು ಹೋದರೆ ಬೋಲ್ಟುಗಳು ಅಡ್ಡ ಬಂದವು.

ನಾನೇ ಕಬ್ಬಿಣ ಕುಯ್ಯುವ ಗರಗಸ ತಂದು ನಾಲ್ಕನ್ನೂ ಕುಯ್ದೆ. ಗ್ರೀಸಿಗೆ ಗರಗಸ ಜಾರುತ್ತಿತ್ತು. ಒಂದಕ್ಕೂ ತುಕ್ಕು ಹಿಡಿದಿರಲಿಲ್ಲ.