ಅಪ್ಪನನ್ನು ಸೋಲಿಸಿದ ಉಸಿರು

ನಮ್ಮ ಮನೆಯ ಕಿಟಕಿಗೆ ಒಂದು ಸಂಜೆಯೂ ನೆಮ್ಮದಿ ಇರಲಿಲ್ಲ. ತೆಲುಗು ಸೀಮೆಯ ದೊಡ್ಡ ಶಹರದ ಅಂಚಿನ ಪಟಾನ್‌ಚೆರುವಿನಲ್ಲಿ ಹೊತ್ತು ಮುಳುಗುತ್ತಿದ್ದಂತೆ ಕಾರ್ಖಾನೆಗಳ ಕಡೆಯಿಂದ ವಾಸನೆ ಬರುತ್ತಿತ್ತು, ಅವ್ವ ಓಡಿ ಬಂದು ಕಿಟಕಿ ಮುಚ್ಚುತ್ತಿದ್ದಳು. ಮುಚ್ಚಿದರೆ ರೊಟ್ಟಿ ಬಡಿಯುವ ಒಲೆಯ ಝಳಕ್ಕೆ ಒಳಗೆ ಕೂರಲಾಗದೆ ನಾನು ಹೋಗಿ ತೆರೆಯುತ್ತಿದ್ದೆ. ಅವಳು ಮತ್ತೆ ಮುಚ್ಚುವಳು. ಕೊಳೆತ ಎಲೆಕೋಸಿನ ಮೇಲೆ ಉಗುರುಬಣ್ಣ ಸುರಿದಂಥ ವಾಸನೆ ಅದು. ಈಗಲೂ ಯಾರ ಮನೆಗೆ ಹೋದರೂ ನಾನು ಮೊದಲು ಕಿಟಕಿ ಎಲ್ಲಿದೆ ಎಂದು ಹುಡುಕುತ್ತೇನೆ, ಕೂತಲ್ಲಿ ಕೂರುವುದಿಲ್ಲ.

ಅಪ್ಪ ಅಲ್ಲಿನ ಒಂದು ಔಷಧಿ ಕಾರ್ಖಾನೆಯಲ್ಲಿ ಪುಡಿ ಒಣಗಿಸುವ ಕೆಲಸಕ್ಕಿದ್ದ. ರಾಯಚೂರು ಕಡೆಯಿಂದ ಕಟ್ಟಡದ ಕೂಲಿಗೆ ಬಂದವನಿಗೆ ಕಾರ್ಖಾನೆಯ ಬಸ್ಸು ಹತ್ತುವ ನೌಕರಿ ಸಿಕ್ಕಿದ್ದು ನಮ್ಮ ಮನೆಯ ದೊಡ್ಡ ಭಾಗ್ಯ. ಹಾಗಾಗಿ ವಾಸನೆಯನ್ನು ಬೈಯುವ ಹಕ್ಕು ನನಗಿರಲಿಲ್ಲ. ಬೈದರೆ, "ಉಂಡ ಮನೀ ಜಂತಿ ಎಣಿಸಬಾರದವ್ವಾ," ಎನ್ನುತ್ತಿದ್ದ. ಆ ಗಾದೆ ಕಟ್ಟಿದವನು ಉಂಡು ಎದ್ದು ಹೋಗಿರಬೇಕು, ಅಲ್ಲಿಯೇ ಮಲಗಿ ಉಸಿರಾಡಿರಲಿಕ್ಕಿಲ್ಲ.

ಅಪ್ಪ ಹುಡುಗನಾಗಿದ್ದಾಗ ಊರಲ್ಲಿ ಕಬಡ್ಡಿ ಆಡಿದವನು. ಕೆಲಸದಿಂದ ಬಂದು ಚಹಾ ಕುಡಿದ ಮೇಲೆ ನನ್ನನ್ನು ಮಾಳಿಗೆಗೆ ಕರೆದೊಯ್ಯುತ್ತಿದ್ದ. ಎದುರುಬದುರು ನಿಂತು ಒಂದೇ ಉಸಿರಿನಲ್ಲಿ 'ಕಬಡ್ಡಿ ಕಬಡ್ಡಿ' ಎನ್ನಬೇಕು. ಯಾರ ಉಸಿರು ಮೊದಲು ಮುರಿಯುತ್ತದೋ ಅವರು ಕೆಳಗಿನ ನಲ್ಲಿಯಿಂದ ನೀರು ಹೊತ್ತು ತರಬೇಕು. ವರ್ಷಗಟ್ಟಲೆ ನಾನೇ ಹೊತ್ತೆ. ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಸಂಜೆ ಅಪ್ಪನ ಉಸಿರು ಮೊದಲು ನಿಂತಿತು. ನಾನು ಕುಣಿದಾಡಿದೆ. ಮರುದಿನವೂ ಗೆದ್ದೆ, ಆಮೇಲೆ ದಿನಾ ಗೆದ್ದೆ. ಅಪ್ಪ ಕೊಡ ಹೊತ್ತು ಮೆಟ್ಟಿಲು ಹತ್ತುವಾಗ ನಡುನಡುವೆ ನಿಂತು, "ಹುಲಿ ಆಗ್ಯಾಳ ನೋಡ್ರಿ ನನ್ನ ಮಗಳು," ಎಂದು ಓಣಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ನಾನು ಬೀಗುತ್ತಿದ್ದೆ.

ಹತ್ತನೇ ತರಗತಿಗೆ ಬಂದಾಗ ನಾನು ಶಾಲೆಯ ತಂಡದ ರೈಡರ್. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಮುಟ್ಟಿ, ಉಸಿರು ಬಿಡದೆ ಮರಳಬೇಕಾದವಳು. ಜಿಲ್ಲಾ ತಂಡದ ಆಯ್ಕೆ ಹತ್ತಿರ ಬರುತ್ತಿತ್ತು. ಆಯ್ಕೆಯಾದರೆ ಶಹರದ ಆಚೆ ತುದಿಯ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ, ಅಲ್ಲಿಂದ ಮುಂದಕ್ಕೆ ಓದು. ನನಗೆ ಅದೊಂದೇ ಹುಚ್ಚು. ಸರಿಯಾಗಿ ಆಗಲೇ ಉಸಿರು ಕೈಕೊಡತೊಡಗಿತು. ನಾಲ್ಕು ಹೆಜ್ಜೆ ಒಳಗಿಡುವಷ್ಟರಲ್ಲಿ ಎದೆ ಗೊರಗುಟ್ಟಿ, 'ಕಬಡ್ಡಿ' ಅರ್ಧಕ್ಕೇ ತುಂಡಾಗುತ್ತಿತ್ತು. ಆಟದ ಮೇಷ್ಟ್ರು, "ಏಮ್ಮಾ, ದಮ್ಮು ಲೇದಾ?" ಎಂದು ತೆಲುಗಿನಲ್ಲಿ ಕೂಗಿದರು, ಉಸಿರಿಲ್ಲವಾ ಎಂದು. ಹೀಗೇ ಆದರೆ ತಂಡದಿಂದ ತೆಗೆಯುತ್ತೇನೆ, ಮೊದಲು ಡಾಕ್ಟರಿಗೆ ತೋರಿಸು ಎಂದರು.

ಮನೆಯಲ್ಲಿ ಅವ್ವ ಸೀತಾಫಲವನ್ನು ಬೈದಳು. ಪಕ್ಕದ ಮನೆಯಾಕೆ ಐಸ್‌ ಗೋಲಾ ಅಂದಳು. ಅಪ್ಪ, ಒದ್ದೆ ತಲೆಯಲ್ಲಿ ಓಡಾಡುತ್ತೀ ಅಂದ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ. ನಮ್ಮ ಮನೆಗೆ ಬೇಕಾಗಿತ್ತು. ನಾನು ಪುಸ್ತಕ ಹಿಡಿದು ಕೋಣೆಯ ಉದ್ದಗಲ ನಡೆಯುತ್ತಿದ್ದೆ, ಓದಿದ್ದು ಒಂದೂ ತಲೆಗೆ ಹೋಗುತ್ತಿರಲಿಲ್ಲ.

ಕೊನೆಗೆ ಅಪ್ಪ ರಜೆ ಹಾಕಿ ನನ್ನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದ. ಮೂಗಿಗೆ ಚಿಮಟಿ ಹಾಕಿ, ಒಂದು ಕೊಳವೆ ಬಾಯಿಗಿಟ್ಟು, ಇದ್ದಷ್ಟೂ ಉಸಿರು ಊದು ಎಂದರು. ಮತ್ತೆ ಮತ್ತೆ ಊದಿಸಿದರು. ಡಾಕ್ಟರಮ್ಮ ನಾವು ಎಲ್ಲಿರುತ್ತೇವೆ ಎಂದು ಕೇಳಿದರು. ಆಮೇಲೆ ಹಿಂದಿಯಲ್ಲಿ ನಿಧಾನವಾಗಿ ಹೇಳಿದರು: ಪುಪ್ಪುಸ ಬೆಳೆಯುವ ವಯಸ್ಸು ಇದು, ಕೆಟ್ಟ ಗಾಳಿಯಲ್ಲಿ ಅದು ಪೂರ್ತಿ ಬೆಳೆಯದೇ ಹೋಗಬಹುದು, ಈ ಹುಡುಗಿಯದು ವಯಸ್ಸಿಗೆ ತಕ್ಕಷ್ಟು ಇಲ್ಲ. ಜೊತೆಗೆ ದಮ್ಮಿನ ಕಾಯಿಲೆಯೂ ಇದೆ. ಬಾಯಿಗಿಟ್ಟು ಔಷಧಿ ಎಳೆಯುವ ಪಂಪ್ ದಿನಾ ತೆಗೆದುಕೊಂಡರೆ ಆಡಬಹುದು, ಆದರೆ ಆ ಗಾಳಿಯಿಂದ ದೂರ ಇದ್ದರೆ ಒಳ್ಳೆಯದು.

ನನಗೆ ರೇಗಿತು. "ಝೂಟ್!" ಎಂದೆ. ಅಪ್ಪನ ಕಡೆ ಬೆರಳು ತೋರಿಸಿ, ನನ್ನ ಉಸಿರು ಕಡಿಮೆಯಾದರೆ ಇವರನ್ನು ದಿನಾ ಹೇಗೆ ಸೋಲಿಸುತ್ತೇನೆ ಎಂದು ಕೇಳಿದೆ.

ಡಾಕ್ಟರಮ್ಮ ನನ್ನನ್ನು ಬಿಟ್ಟು ಅಪ್ಪನನ್ನು ನೋಡಿದರು. ಏನು ಕೆಲಸ ಮಾಡುತ್ತೀರಿ ಎಂದು ಕೇಳಿದರು. ಹೇಳಿದ. "ಆಪ್ ಭೀ ಏಕ್ ಬಾರ್ ಫೂಂಕಿಯೇ," ಎಂದು, ಅವನೂ ಒಮ್ಮೆ ಊದಲೆಂದು ಹೊಸ ಕೊಳವೆ ತೆಗೆದರು. ಅಪ್ಪ ನಕ್ಕು ಎದ್ದು ನಿಂತ. ಬಸ್ಸು ತಪ್ಪುತ್ತದೆ ಎಂದ.

ಬಸ್‌ಸ್ಟಾಪಿನಲ್ಲಿ ಬಸ್ಸೇ ಇರಲಿಲ್ಲ. ಬಹಳ ಹೊತ್ತು ಕಾದೆವು. ಅಷ್ಟರಲ್ಲಿ ನನಗೆ ಎಲ್ಲ ಅರ್ಥವಾಗಿತ್ತು, ಗೆದ್ದ ಒಂದೊಂದು ಸಂಜೆಯೂ ನೆನಪಾಗುತ್ತಿತ್ತು.

"ನೀ ಯಾಕ ಊದಲಿಲ್ಲ?" ಎಂದೆ.

"ಬಸ್ಸು..."

"ಎಲ್ಲೈತಿ ಬಸ್ಸು? ತೋರಸು ನೋಡೂಣು."

ಅಪ್ಪ ರಸ್ತೆಯನ್ನೇ ನೋಡುತ್ತಿದ್ದ. "ಊದಿದ್ರ ಗೊತ್ತಾಕ್ಕೈತಿ. ಗೊತ್ತಾದ ಮ್ಯಾಲ ನಾಳೆ ಕೆಲಸಕ್ಕ ಹೆಂಗ ಹೋಗ್ಲಿ? ಈಗಾದ್ರ ಆರಾಮ ಹೋಗಾಕತ್ತೀನಿ. ನೀ ಆಡು. ನೀ ಆ ಹಾಸ್ಟೆಲ್ಲಿಗೆ ಹೋಗು, ಅಷ್ಟ ಸಾಕು ನನಗ."

ಅವನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತೆ. ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಆ ಸಂಜೆ ಅವನು ಚಹಾ ಕುಡಿದು ಮಾಳಿಗೆಯ ಕಡೆ ಕೈ ತೋರಿಸಿದಾಗ ನಾನು ಕೊಡ ಎತ್ತಿಕೊಂಡು ನಲ್ಲಿಗೆ ಹೋದೆ.

ಅವ್ವ ಪಂಪನ್ನು ಅಕ್ಕಿಯ ಡಬ್ಬಿಯಲ್ಲಿ ಮುಚ್ಚಿಟ್ಟಳು. ನಾಳೆ ಹೆಣ್ಣು ಕೇಳಲಿಕ್ಕೆ ಬಂದವರ ಕಣ್ಣಿಗೆ ಬೀಳಬಾರದಲ್ಲ! ನಾನು ದಿನಾ ಅದನ್ನು ಬಾಗಿಲಲ್ಲೇ ನಿಂತು, ಓಣಿಗೆಲ್ಲ ಕಾಣುವಂತೆ ಎಳೆದೆ. ಎದೆ ಸಡಿಲಾಯಿತು. ಆಯ್ಕೆಯ ದಿನ 'ಕಬಡ್ಡಿ' ತುಂಡಾಗಲಿಲ್ಲ, ಪಟ್ಟಿಯ ಕೊನೆಗೆ ನನ್ನ ಹೆಸರೂ ಬಂತು. ಹಾಸ್ಟೆಲಿಗೆ ಹೊರಟ ದಿನ ಅಪ್ಪ ನನ್ನ ಟ್ರಂಕು ಹೊತ್ತು ಮೂರು ಕಡೆ ಇಳಿಸಿದ. ಇಳಿಸಿದಾಗೆಲ್ಲ ಯಾರನ್ನಾದರೂ ಮಾತಾಡಿಸಿದ.

ಈಗ ನಾನು ಶಹರದ ಅದೇ ಆಚೆ ತುದಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ನನ್ನ ಹತ್ತಿರ ಬಂದು ಇರಿ ಎಂದರೆ ಅಪ್ಪ ಅವ್ವ ಬರುವುದಿಲ್ಲ, ಅಪ್ಪ ಇನ್ನೂ ಅದೇ ಕೆಲಸಕ್ಕೆ ಹೋಗುತ್ತಾನೆ. ದಿನಾ ಬೆಳಿಗ್ಗೆ ಫೋನು ಮಾಡುತ್ತೇನೆ. ಉಂಡಿಯಾ ಎಂದು ಕೇಳುವುದಿಲ್ಲ, "ಕಬಡ್ಡಿ ಅನ್ನು," ಎನ್ನುತ್ತೇನೆ. ಯಾಕೆಂದು ಅವನಿಗೆ ಗೊತ್ತು. ಆದರೂ ನಗುತ್ತ ಶುರು ಮಾಡುತ್ತಾನೆ, ನಾನು ಫೋನನ್ನು ಕಿವಿಗೊತ್ತಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ನಡೆಯುತ್ತೇನೆ. ಸ್ವಲ್ಪ ಹೊತ್ತಿಗೇ ನಿಲ್ಲಿಸಿ, "ಬಸ್ಸು ಬಂತವ್ವಾ, ಇಡ್ತೀನಿ," ಎನ್ನುತ್ತಾನೆ.

ರಜೆಯ ದಿನವೂ ಅವನಿಗೆ ಬಸ್ಸು ಬರುತ್ತದೆ.