ಬಾವುಟ ಇಳಿಸಿದ ಬೆಳಿಗ್ಗೆ

ಊರಿನ ನಲವತ್ತು ದೋಣಿಗಳು ಕಡಲಿಗೆ ಇಳಿಯಬೇಕೋ ಬೇಡವೋ ಎಂಬುದನ್ನು ಮೂರು ವರ್ಷಗಳಿಂದ ಮಿನೆಕೊ ಒಬ್ಬಳೇ ತೀರ್ಮಾನಿಸುತ್ತಿದ್ದಳು. ಮೊದಲು ಅದು ಅವಳ ಗಂಡನ ಕೆಲಸ. ಅವನು ಬೆಳಗಿನ ಜಾವ ಆಕಾಶ ನೋಡಿ, ಬಾವುಟ ಏರಿಸಿ, ಒಳಗೆ ಬಂದು ನಿಶ್ಚಿಂತೆಯಿಂದ ಊಟಕ್ಕೆ ಕೂರುತ್ತಿದ್ದ. ಅವನು ತೀರಿಕೊಂಡ ಮೇಲೆ ಹಗ್ಗ ಇವಳ ಕೈಗೆ ಬಂತು. ನಿಶ್ಚಿಂತೆ ಬರಲಿಲ್ಲ.

ಜಪಾನಿನ ಹೊಕ್ಕೈಡೊ ಕರಾವಳಿಯ ಆ ಊರು ಬದುಕುವುದೇ ಕಡಲಪಾಚಿಯಿಂದ. ಕಿತ್ತದ್ದು ಅಂದೇ ಬಿಸಿಲಿಗೆ ಒಣಗಬೇಕು, ಮಂಜು ತಾಗಿದರೆ ಯಾರಿಗೂ ಬೇಡ. ನೀರಲ್ಲೇ ಬಿಟ್ಟರೆ ಮಾತ್ರ ಅದರ ಪಾಡಿಗೆ ಬೆಳೆಯುತ್ತಿರುತ್ತದೆ. ಆದ್ದರಿಂದ ಬಾವುಟ ಏರಿದರೆ ಎಲ್ಲರೂ ಹೊರಡುವುದು, ಇಳಿದರೆ ಪಾಚಿ ಕೀಳುವ ಕೊಕ್ಕೆಗೋಲು ಎತ್ತಿ ಎಲ್ಲರೂ ತಿರುಗುವುದು.

ಆ ದಿನ ಬಾವುಟ ಏರಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ಕಡಲಂಚಿನಲ್ಲಿ ಒಂದು ಬಿಳಿ ಗೆರೆ ಕಂಡಿತು. ಮಂಜೇ? ಬರೀ ಮೋಡವೇ? ಹೋದ ವರ್ಷ ಇಂಥದೇ ಗೆರೆಯನ್ನು ಅವಳು ಅಲಕ್ಷಿಸಿದ್ದಕ್ಕೆ ಇಡೀ ಊರಿನ ಪಾಚಿ ಕೊಳೆತಿತ್ತು. ಮಗಳು ಸನಾಯೆಯ ದೋಣಿ ಇನ್ನೂ ಅರ್ಧ ಖಾಲಿ. ಮಿನೆಕೊ ಬಾವುಟ ಇಳಿಸಿಬಿಟ್ಟಳು.

ಮೈದುನ ಕಾನ್ಜಿ ಎಲ್ಲರಿಗಿಂತ ಮೊದಲು ದಡ ಮುಟ್ಟಿದ.

"ಏನತ್ತಿಗೆ, ನೀರು ಗಾಜಿನ ಹಾಗಿತ್ತು, ತಳ ಕಾಣ್ತಿತ್ತು!"

"ಮಂಜು ಬರ್ತಿದೆ."

"ಎಲ್ಲಿ? ನಿಮ್ಮ ಕನ್ನಡಕದಲ್ಲಾ?"

ಹತ್ತು ಗಂಟೆಗೆ ಗೆರೆ ಕರಗಿಹೋಯಿತು. ಆಮೇಲೆ ಬಿಸಿಲೆಂದರೆ ಬಿಸಿಲು. ಕಲ್ಲುಹಾಸಿನ ಮೇಲೆ ಅಲ್ಲೊಂದು ಇಲ್ಲೊಂದು ಹರಡಿದ ಪಾಚಿ ಮಧ್ಯಾಹ್ನಕ್ಕೇ ಗರಿಗರಿಯಾಯಿತು. ಉಳಿದ ಜಾಗವೆಲ್ಲ ಬೋಳು.

"ಅಮ್ಮಾ, ಟೋಪಿ ಹಾಕ್ಕೋ," ಎಂದಳು ಸನಾಯೆ. "ನಿನ್ನ ಮಂಜಿಗೆ ಮುಖ ಸುಟ್ಟೀತು."

ಸಂಜೆ ಎಲ್ಲರೂ ದೋಣಿಯವರ ಸಂಘದ ಕಟ್ಟಡದಲ್ಲಿ ಸೇರಿದ್ದಾಗ ಮಿನೆಕೊ ಬಾವುಟವನ್ನು ಮಡಿಸಿ ಮೇಜಿನ ಮೇಲಿಟ್ಟಳು. ಸೊಂಟ ಬಾಗಿಸಿ ನಿಂತಳು.

"ತಪ್ಪಾಯ್ತು. ನಿಮ್ಮ ಒಂದು ದಿನ ಹಾಳು ಮಾಡ್ದೆ. ಇದನ್ನ ಬೇರೆ ಯಾರಾದ್ರೂ ಇಟ್ಕೊಳ್ಳಿ."

ಯಾರೂ ಕೈ ಚಾಚಲಿಲ್ಲ. ಅವಳು ಮೈದುನನ ಕಡೆ ತಿರುಗಿದಳು.

"ನೀನೇ ತಗೋ ಕಾನ್ಜಿ. ನಿನ್ನ ಕಣ್ಣು ಚೆನ್ನಾಗಿದೆಯಲ್ಲ."

"ಅಯ್ಯೋ, ಬೇಡಪ್ಪ!" ಅವನು ಕುರ್ಚಿಯನ್ನೇ ಹಿಂದಕ್ಕೆ ಸರಿಸಿದ. "ನಾನು ತಗೊಂಡ್ರೆ ಆಮೇಲೆ ಬಯ್ಯೋದು ಯಾರನ್ನ?"

ಎಲ್ಲರೂ ನಕ್ಕರು. ಮಿನೆಕೊ ನಗಲಿಲ್ಲ.

"ನಾಳೆನೂ ತಪ್ಪಿದ್ರೆ?"

ಕಾನ್ಜಿ ಬಾವುಟವನ್ನು ಅವಳ ಕಡೆಗೆ ತಳ್ಳಿದ. "ಅಣ್ಣಂಗೆ ತಪ್ತಿರ್ಲಿಲ್ವಾ? ಒಂದ್ಸಲಾನಾದ್ರೂ ಹೀಗೆ ತಲೆ ಬಾಗಿಸಿದ್ನಾ? ಇವತ್ತು ಬಿಟ್ಟ ಪಾಚಿ ನೀರಲ್ಲೇ ಇದೆ ಅತ್ತಿಗೆ, ಎಲ್ಲೂ ಓಡಿಹೋಗಿಲ್ಲ."

"ಅದೆಲ್ಲ ಇರಲಿ," ಸನಾಯೆ ಕೇಳಿದಳು. "ನಾಳೆ ಹೇಗಮ್ಮಾ?"

ಎಲ್ಲರ ಕಣ್ಣೂ ಮಿನೆಕೊ ಮೇಲೆ. ಅವಳು ಬಾಗಿಲಿಗೆ ಹೋಗಿ, ಪಡುವಣದ ಕಡೆ ತುಂಬ ಹೊತ್ತು ನೋಡಿದಳು.

"ಈಗ ಗೊತ್ತಾಗಲ್ಲ," ಎಂದಳು. "ನಾಲ್ಕು ಗಂಟೆಗೆ ಎದ್ದು ಹೇಳ್ತೀನಿ."